ಕೆಲಸದ ನಡುವಿನ ಓದು: ದೆಹಲಿಯ ಗ್ರಂಥಪಾಲಕರ ಮರುಕಲಿಕೆ

ಹನ್ನೆರಡೂವರೆ ಸೆಂಟಿಮೀಟರ್ ಅಗಲ, ಏಳೂವರೆ ಸೆಂಟಿಮೀಟರ್ ಎತ್ತರದ ಒಂದು ಕಾರ್ಡು. ಸರಳು ತೂರಿಸಲು ಕೆಳಗಡೆ ನಡುವಿನಲ್ಲೊಂದು ತೂತು. 1985ರ ಸುಮಾರಿಗೆ ದೆಹಲಿಯಲ್ಲಿ ಗ್ರಂಥಾಲಯ ವಿಜ್ಞಾನದ ಪದವಿ ಪಡೆದವರು ಈ ಕಾರ್ಡನ್ನು ತಪ್ಪಿಲ್ಲದೆ ತುಂಬುವುದನ್ನು ಕಲಿತರು: ಲೇಖಕರ ಹೆಸರು ಯಾವ ಸಾಲಿನಲ್ಲಿ, ಅಂಚಿನಿಂದ ಎಷ್ಟು ಜಾಗ ಬಿಡಬೇಕು, ಅಲ್ಪವಿರಾಮ ಎಲ್ಲಿ. 2015ರ ಅಕ್ಟೋಬರ್ 1ರಂದು ಅಮೆರಿಕದ ಒ.ಸಿ.ಎಲ್.ಸಿ. ಸಂಸ್ಥೆ ತನ್ನ ಕೊನೆಯ ಕ್ಯಾಟಲಾಗ್ ಕಾರ್ಡುಗಳನ್ನು ಮುದ್ರಿಸಿ ಆ ಕೆಲಸಕ್ಕೆ ಮಂಗಳ ಹಾಡಿತು. ಅಷ್ಟು ಹೊತ್ತಿಗೆ ಆ ಪದವೀಧರರಲ್ಲಿ ಬಹುಪಾಲು ಜನ ಇನ್ನೂ ನಿವೃತ್ತರಾಗಿರಲಿಲ್ಲ. ಅವರು ಓದಿದ್ದ 1978ರ ಸೂಚೀಕರಣ ನಿಯಮಗಳ ಜಾಗಕ್ಕೆ 2010ರಲ್ಲಿ ಆರ್.ಡಿ.ಎ. ಎಂಬ ಹೊಸ ನಿಯಮಾವಳಿ ಬಂದಿತ್ತು. ಒಂದೇ ಸೇವಾವಧಿಯಲ್ಲಿ ಕೆಲಸದ ಸಲಕರಣೆಗಳೆಲ್ಲ ಬದಲಾಗುವ ವೃತ್ತಿಗೆ ಒಮ್ಮೆ ಪಡೆದ ಪದವಿ ಸಾಲದು ಎನ್ನುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸೇವೆಯಲ್ಲಿರುವಾಗಲೇ ಮತ್ತೆ ಕಲಿಯುವುದು ಯಾವಾಗ ಫಲಿಸುತ್ತದೆ, ಯಾವಾಗ ಬರೀ ಕಾಗದವಾಗಿ ಉಳಿಯುತ್ತದೆ ಎನ್ನುವುದು ಇನ್ನೂ ಇತ್ಯರ್ಥವಾಗದ ಮಾತು. ದೆಹಲಿಯ ಇತಿಹಾಸ ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿಯೇ ಉತ್ತರ ಕೊಡುತ್ತದೆ ಎಂದು ನನ್ನ ವಾದ.

ಭಾರತದಲ್ಲಿ ಈ ಶಿಕ್ಷಣಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಮೇಲೆಯೇ ಅವರು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತದ್ದು. ಮೊದಲು ಕೆಲಸ, ಆಮೇಲೆ ಪಾಠ. 1929ರಲ್ಲಿ ಮದ್ರಾಸಿನಲ್ಲಿ ಆರಂಭವಾದ ತರಬೇತಿಯೂ ಬೇಸಿಗೆಯ ಶಿಬಿರವೇ ಆಗಿತ್ತು. 1947ರಲ್ಲಿ ಅವರು ದೆಹಲಿ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಈ ಶಿಕ್ಷಣಕ್ಕೆ ಪದವಿ, ಸ್ನಾತಕೋತ್ತರ ಪದವಿ, ಪಿಎಚ್.ಡಿ. ಎಂಬ ಮೆಟ್ಟಿಲುಗಳು ಬಂದವು. ವೃತ್ತಿಗೆ ಗೌರವವೂ ಬಂತು. ಆದರೆ ಪದವಿ ಗಟ್ಟಿಯಾದ ಹಾಗೆ, ಓದು ಮುಗಿಸಿಯೇ ಕೆಲಸಕ್ಕೆ ಬರುವುದು ಎಂಬ ಭಾವನೆಯೂ ಗಟ್ಟಿಯಾಯಿತು. ಗ್ರಂಥಾಲಯ ಬೆಳೆಯುವ ಜೀವಿ ಎಂದು ತಮ್ಮ ಗ್ರಂಥಾಲಯ ವಿಜ್ಞಾನದ ಐದನೆಯ ಸೂತ್ರದಲ್ಲಿ ಹೇಳಿದವರ ನೆರಳಿನಲ್ಲೇ ಗ್ರಂಥಪಾಲಕರ ಬೆಳವಣಿಗೆಗೆ ಪ್ರಮಾಣಪತ್ರದ ಬೇಲಿ ಬಿತ್ತು. ಇದು ರಂಗನಾಥನ್ ಅವರ ತಪ್ಪಲ್ಲ. ಆ ಬೇಲಿಯ ಆಚೆಗೂ ಕಲಿಕೆ ನಡೆಯಿತು: 1952ರಲ್ಲಿ ಯುನೆಸ್ಕೊ ನೆರವಿನಿಂದ ದೆಹಲಿಯಲ್ಲಿ ಹುಟ್ಟಿದ ಇನ್ಸ್‌ಡಾಕ್ ಸಂಸ್ಥೆ 1964ರಲ್ಲಿ ಪ್ರಲೇಖನ ಮತ್ತು ಪ್ರತಿ ತೆಗೆಯುವ ತಂತ್ರದಲ್ಲಿ ತರಬೇತಿ ಶುರುಮಾಡಿತು. ವಿಜ್ಞಾನಿಗಳಿಗೆ ಬೇಕಾದ ಲೇಖನವನ್ನು ಹುಡುಕಿಕೊಡುವ ಕಸುಬು ಪದವಿ ತರಗತಿಯಲ್ಲಿ ದಕ್ಕುವಂಥದ್ದಲ್ಲ ಎಂದು ಆಗಲೇ ಗೊತ್ತಾಗಿತ್ತು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 1988. ಆ ವರ್ಷದ ಜನವರಿಯಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ, ನಿಸ್ಸಾಟ್ ಎಂಬ ಸರ್ಕಾರಿ ಯೋಜನೆಯ ಬೆಂಬಲದಿಂದ, ದೆಹಲಿಯ ಗ್ರಂಥಾಲಯಗಳ ಜಾಲ ಡೆಲ್‌ನೆಟ್ ಹುಟ್ಟಿತು. 1992ರಲ್ಲಿ ಸಂಘವಾಗಿ ನೋಂದಣಿಯಾಯಿತು. ನಗರದ ಗ್ರಂಥಾಲಯಗಳ ಪುಸ್ತಕಗಳೆಲ್ಲ ಒಂದೇ ಕ್ಯಾಟಲಾಗಿನಲ್ಲಿ ಸಿಗಬೇಕು, ಒಂದು ಕಡೆ ಇಲ್ಲದ್ದನ್ನು ಇನ್ನೊಂದು ಕಡೆಯಿಂದ ಎರವಲು ತರಿಸಬೇಕು ಎನ್ನುವುದು ಅದರ ಗುರಿ. ಕೇಳುವುದಕ್ಕೆ ಸುಲಭ. ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನೇ ತೆಗೆದುಕೊಳ್ಳಿ. ಮಾಸ್ತಿ ಊರ ಹೆಸರು, ವೆಂಕಟೇಶ ಇಟ್ಟ ಹೆಸರು, ಅಯ್ಯಂಗಾರ್ ಸಮುದಾಯದ ಹೆಸರು, ‘ಶ್ರೀನಿವಾಸ’ ಕಾವ್ಯನಾಮ. ನಾಲ್ಕು ಗ್ರಂಥಾಲಯಗಳು ನಾಲ್ಕು ಹೆಸರಿನಡಿ ಬರೆದಿಟ್ಟರೆ ಕಂಪ್ಯೂಟರಿನ ಪಾಲಿಗೆ ಅವರು ನಾಲ್ವರು ಲೇಖಕರು. ಕಾರ್ಡಿನ ಪೆಟ್ಟಿಗೆ ತನ್ನ ಕಟ್ಟಡದಲ್ಲೇ ಇದ್ದಾಗ ಇಂಥ ಅಡ್ಡಾದಿಡ್ಡಿ ನಡೆಯುತ್ತಿತ್ತು, ಏಕೆಂದರೆ ಗ್ರಂಥಪಾಲಕರ ನೆನಪೇ ಕ್ಯಾಟಲಾಗಿನ ಅರ್ಧ ಭಾಗವಾಗಿತ್ತು. ಜಾಲಕ್ಕೆ ಬಂದ ಕೂಡಲೇ ಎಲ್ಲರೂ ಒಂದೇ ನಿಯಮಕ್ಕೆ ಒಪ್ಪಲೇಬೇಕು. ಆದ್ದರಿಂದ ಇಲ್ಲಿ ತರಬೇತಿಯನ್ನು ಪ್ರತ್ಯೇಕವಾಗಿ ಯಾರೂ ಸಮರ್ಥಿಸಬೇಕಾಗಿರಲಿಲ್ಲ. ಯುನೆಸ್ಕೊ ಉಚಿತವಾಗಿ ಹಂಚಿದ ಸಿ.ಡಿ.ಎಸ್./ಐಸಿಸ್ ತಂತ್ರಾಂಶವನ್ನು ಕಲಿತವರಿಗೆ ಮರುದಿನ ಬೆಳಿಗ್ಗೆಯೇ ಅದರಿಂದ ಕೆಲಸವಿತ್ತು. ತಪ್ಪಾಗಿ ಕಲಿತರೆ ಆ ತಪ್ಪು ನೆರೆಯ ಗ್ರಂಥಾಲಯದವರ ಕಣ್ಣಿಗೆ ಬೀಳುತ್ತಿತ್ತು. ಪರೀಕ್ಷೆಯೆಂದರೆ ಅದೇ.

ಇದೇ ಹೊತ್ತಿನಲ್ಲಿ ತರಬೇತಿಯ ಇನ್ನೊಂದು ಪರಂಪರೆಯೂ ಬೆಳೆಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಯು.ಜಿ.ಸಿ. ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು, ದೆಹಲಿಯಲ್ಲಿ ಜೆ.ಎನ್.ಯು., ಜಾಮಿಯಾ ಮಿಲಿಯಾಗಳಲ್ಲಿ ಅವು ಇದ್ದವು. ಇಲ್ಲಿನ ಪುನಶ್ಚೇತನ ಕೋರ್ಸುಗಳನ್ನು ಬಡ್ತಿಗೆ ಗಂಟುಹಾಕಲಾಯಿತು. 2018ರ ಯು.ಜಿ.ಸಿ. ನಿಯಮಾವಳಿಯೂ ಸಹಾಯಕ ಗ್ರಂಥಪಾಲಕರ ಬಡ್ತಿಗೆ ಗ್ರಂಥಾಲಯದ ಗಣಕೀಕರಣ, ಡಿಜಿಟಲೀಕರಣ ಮೊದಲಾದವುಗಳಲ್ಲಿ ಕನಿಷ್ಠ 5 ದಿನಗಳ ತರಬೇತಿ ಕೇಳುತ್ತದೆ. 2017ರ ಜುಲೈಯಲ್ಲಿ ಸ್ವಯಂ ಜಾಲತಾಣ, 2018ರ ನವೆಂಬರಿನಲ್ಲಿ ಅದರ ಮೇಲೆಯೇ ಅರ್ಪಿತ್ ಎಂಬ ವಾರ್ಷಿಕ ಪುನಶ್ಚೇತನ ಯೋಜನೆ ಬಂದವು. 40 ಗಂಟೆಗಳ ಪಾಠ, ಅದರಲ್ಲಿ ಅರ್ಧ ವಿಡಿಯೊ, ಕೊನೆಗೊಂದು ಪರೀಕ್ಷೆ. ಶಿಬಿರಕ್ಕೆ ಓಡಾಡಬೇಕಿಲ್ಲ ಎಂಬುದು ಸಣ್ಣ ಲಾಭವೇನಲ್ಲ. ಸೋನಿಪತ್‌ನಿಂದಲೋ ಗ್ರೇಟರ್ ನೋಯ್ಡಾದಿಂದಲೋ ದಕ್ಷಿಣ ದೆಹಲಿಗೆ ದಿನವೂ ಬಂದುಹೋಗುವ ಪಾಡು ಬಲ್ಲವರಿಗೆ ಅದು ಗೊತ್ತು. ಇಗ್ನೊ 1989ರಿಂದಲೇ ಗ್ರಂಥಾಲಯ ವಿಜ್ಞಾನದ ಪದವಿಯನ್ನು ದೂರಶಿಕ್ಷಣದಲ್ಲಿ ಕೊಟ್ಟು ಈ ದಾರಿ ಸವೆಸಿತ್ತು. ಆದರೆ ಪರದೆಯ ಪಾಠ ಡೆಲ್‌ನೆಟ್ಟಿನ ಕಾರ್ಯಾಗಾರವನ್ನು ಬಿಟ್ಟು ಬಡ್ತಿಯ ಶಿಬಿರವನ್ನೇ ತನ್ನ ಮಾದರಿಯಾಗಿ ಇಟ್ಟುಕೊಂಡಿತು. ಕಲಿಕೆಯನ್ನು ಗಂಟೆಗಳಲ್ಲಿ ಅಳೆಯಿತು. ಕಲಿತವರ ಗ್ರಂಥಾಲಯದಲ್ಲಿ ಏನು ಬದಲಾಯಿತು ಎಂದು ಕೇಳಲಿಲ್ಲ. 2020ರ ಲಾಕ್‌ಡೌನಿನಲ್ಲಿ ಇದು ಅತಿಗೆ ಹೋಯಿತು. ವೆಬಿನಾರುಗಳ ಸುರಿಮಳೆ, ಕೊನೆಯಲ್ಲೊಂದು ಗೂಗಲ್ ಫಾರಂ, ಅದನ್ನು ತುಂಬಿದರೆ ಬಣ್ಣದ ಸರ್ಟಿಫಿಕೇಟು.

ಬಡ್ತಿಯ ಆಸೆ ಇಲ್ಲದಿದ್ದರೆ ಯಾರು ಕಲಿಯುತ್ತಾರೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದನ್ನು ತಳ್ಳಿಹಾಕಲಾರೆ. ಸಂಬಳ, ಸ್ಥಾನಮಾನ ಎರಡೂ ಕಡಿಮೆ ಇರುವ ವೃತ್ತಿಯಲ್ಲಿ ಬರೀ ಜ್ಞಾನದಾಹವನ್ನು ನಂಬಿ ಕೂರುವುದು ಉಳ್ಳವರ ಮಾತು. ಆದರೂ ಯು.ಜಿ.ಸಿ. ನಿಯಮ ತಲುಪುವುದು ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾತ್ರ. ಶಾಲೆಯ ಗ್ರಂಥಪಾಲಕರಿಗೆ, 1951ರಲ್ಲಿ ಯುನೆಸ್ಕೊ ನೆರವಿನಿಂದ ಆರಂಭವಾದ ದೆಹಲಿ ಪಬ್ಲಿಕ್ ಲೈಬ್ರರಿಯ ಸಿಬ್ಬಂದಿಗೆ ಅದು ಅನ್ವಯಿಸುವುದಿಲ್ಲ. ಮಕ್ಕಳನ್ನೂ ಬೀದಿಯ ಓದುಗರನ್ನೂ ದಿನವೂ ಎದುರಿಸುವವರು ಇವರೇ. ಬಡ್ತಿಯೊಂದೇ ಕಲಿಕೆಯ ಎಂಜಿನ್ ಆದರೆ ಅದು ಅತಿ ಹೆಚ್ಚು ಬೇಕಾದ ಡಬ್ಬಿಗಳನ್ನೇ ನಿಲ್ದಾಣದಲ್ಲಿ ಬಿಟ್ಟುಹೋಗುತ್ತದೆ.

ಕೈಕೆಲಸವನ್ನು ಪರದೆಯಲ್ಲಿ ಕಲಿಸಲಾಗದು ಎನ್ನುವವರೂ ಇದ್ದಾರೆ. ಶಿಥಿಲವಾದ ಹಾಳೆಗೆ ತೇಪೆ ಹಚ್ಚುವ ವಿಷಯದಲ್ಲಿ ಅದು ನಿಜ. ಕ್ಯಾಟಲಾಗಿನ ವಿಷಯದಲ್ಲಿ ಅಲ್ಲ. ಆ ಕೆಲಸ ಈಗ ನಡೆಯುವುದೇ ಪರದೆಯ ಮೇಲೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಎಲ್ಲರಿಗೂ ಮುಕ್ತವಾಗಿರುವ ಕೋಹಾ ತಂತ್ರಾಂಶವನ್ನು ಕಲಿಸಲು ಕಲಿಯುವವರ ಸ್ವಂತ ಕಪಾಟಿನ ಐವತ್ತು ಪುಸ್ತಕಗಳಿಗಿಂತ ಒಳ್ಳೆಯ ಪಠ್ಯ ಇಲ್ಲ. ಅವನ್ನು ತುಂಬಿಸಿ, ಇನ್ನೊಂದು ಊರಿನ ಸಹಪಾಠಿಯಿಂದ ತಿದ್ದಿಸಿ, ಹಾಗೆಯೇ ಗ್ರಂಥಾಲಯದ ಕ್ಯಾಟಲಾಗಿಗೆ ಸೇರಿಸಬಹುದು. ಆಗ ಸರ್ಟಿಫಿಕೇಟು ಕೊಟ್ಟರೂ ಅಡ್ಡಿಯಿಲ್ಲ.

ಇನ್ನೊಂದು ಲೆಕ್ಕ ಉಳಿದಿದೆ. ಶಿಬಿರಕ್ಕೆ ಹೋಗುವ ಗ್ರಂಥಪಾಲಕರಿಗೆ ಕರ್ತವ್ಯ ರಜೆ ಇರುತ್ತದೆ. ಪರದೆಯ ಕೋರ್ಸಿಗೆ ಊರು ಬಿಡಬೇಕಿಲ್ಲವಾದ್ದರಿಂದ ರಜೆಯ ಮಾತು ಸಾಮಾನ್ಯವಾಗಿ ಏಳುವುದೇ ಇಲ್ಲ. ಪುಸ್ತಕ ಕೊಡುವ ಕೌಂಟರು ಸಂಜೆಯವರೆಗೆ ತೆರೆದಿರುತ್ತದೆ, ಆಮೇಲೆ ಮೆಟ್ರೊ, ಆಮೇಲೆ ಮನೆ. ಓದುಗರ ಸಮಯ ಉಳಿಸಿ ಎಂಬ ರಂಗನಾಥನ್ ಅವರ ನಾಲ್ಕನೆಯ ಸೂತ್ರವನ್ನು ದಿನವೂ ಪಾಲಿಸುವವರು, ಆ 40 ಗಂಟೆಗಳನ್ನು ತಮ್ಮ ರಾತ್ರಿಗಳಿಂದ ತೆಗೆಯುತ್ತಿದ್ದಾರೆ.