ಅಪ್ಪ ಬಿಟ್ಟ ಓದು, ಮಗಳು ಮುಗಿಸಿದ ಓದು

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಾವು ಆರ್ಟ್ಸ್ ಓದಿದವರು, ಪದ್ಯ ಬರೆಯೋರು. ವಿಜ್ಞಾನದ ಮಾತು ನಿಮಗ್ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮಲ್ಲಿ ಎಷ್ಟೋ ಜನ ಆರ್ಟ್ಸನ್ನು ಇಷ್ಟಪಟ್ಟು ತಗೊಂಡವರಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಅರ್ಜಿ ಹಿಡಿದು ನಿಂತಾಗ, ಕಿಟಕಿಯಾಚೆ ಕೂತವರು ಜಾತಿಯ ಕಾಲಂ ನೋಡಿ, "ಸೈನ್ಸು ನಿಮಗೆ ಕಷ್ಟ ಕಣಯ್ಯ, ಆರ್ಟ್ಸಿಗೆ ಹಾಕು" ಅಂದರು. ನಾವು ಹಾಕಿದೆವು. ಆ ಒಂದು ಮಾತು ನಮ್ಮ ಕೇರಿಗಳ ಎಷ್ಟು ಡಾಕ್ಟರುಗಳನ್ನು, ಎಷ್ಟು ಸಂಶೋಧಕರನ್ನು ನುಂಗಿತೋ ಲೆಕ್ಕ ಇಟ್ಟವರಿಲ್ಲ.

ಇವತ್ತು ಅಂಥ ಮಾತನ್ನು ದಾಟಿ ಹೋದ ಒಬ್ಬ ಹೆಣ್ಣುಮಗಳ ವಿಷಯ ಹೇಳ್ತೀವಿ. ಹೆಸರು ಮೇರಿ ಮೇನಾರ್ಡ್ ಡೇಲಿ. ಅಮೆರಿಕದ ಕಪ್ಪು ಜನರ ಮಗಳು. ಹುಟ್ಟಿದ್ದು 1921ರಲ್ಲಿ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಅಪ್ಪ ವೆಸ್ಟ್ ಇಂಡೀಸಿನಿಂದ ವಲಸೆ ಬಂದವನು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದೋಕೆ ಸೇರಿದ. ಬುದ್ಧಿ ಇತ್ತು, ದುಡ್ಡಿರಲಿಲ್ಲ. ಓದನ್ನು ಅರ್ಧಕ್ಕೆ ಬಿಟ್ಟು ಅಂಚೆ ಗುಮಾಸ್ತನಾದ.

ಅವ್ವ ಮಗಳಿಗೆ ಪುಸ್ತಕದ ರುಚಿ ಹತ್ತಿಸಿದಳು. ರೋಗಾಣುಗಳ ಬೆನ್ನು ಹತ್ತಿದವರ ಕಥೆ ಹೇಳುವ 'ಮೈಕ್ರೋಬ್ ಹಂಟರ್ಸ್' ಎಂಬ ಪುಸ್ತಕ ಆ ಹುಡುಗಿಯ ಕೈಗೆ ಬಿತ್ತು. ವಿಜ್ಞಾನಿ ಆಗ್ತೀನಿ ಅಂತ ಹಟ ಹಿಡಿದಳು. ಖರ್ಚು ಉಳಿಸೋಕೆ ಮನೆಯಲ್ಲೇ ಇದ್ದುಕೊಂಡು ಕ್ವೀನ್ಸ್ ಕಾಲೇಜಿಗೆ ಹೋಗಿ 1942ರಲ್ಲಿ ಪದವಿ ಪಡೆದಳು. ಅದೇ ಕಾಲೇಜಿನ ಲ್ಯಾಬಿನಲ್ಲಿ ಸಹಾಯಕಿಯಾಗಿ ದುಡಿಯುತ್ತ 1943ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಮುಗಿಸಿದಳು. ಆಗ ಎರಡನೇ ಮಹಾಯುದ್ಧ. ಗಂಡಸರು ಯುದ್ಧಕ್ಕೆ ಹೋಗಿದ್ದರು, ಲ್ಯಾಬುಗಳಿಗೆ ಆಳು ಬೇಕಿತ್ತು. ಬಾಗಿಲು ತುಸು ತೆರೆಯಿತು. ಆಕೆ ಕಾಲಿಟ್ಟಳು, ಮತ್ತೆ ಹಿಂದಕ್ಕೆ ತೆಗೆಯಲಿಲ್ಲ.

ಹೋಗಿ ಸೇರಿದ್ದು ಕೊಲಂಬಿಯಾ ವಿಶ್ವವಿದ್ಯಾಲಯ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಬಾಬಾಸಾಹೇಬರು ಓದೋಕೆ ಹೋದರಲ್ಲ, ಅದೇ ಕೊಲಂಬಿಯಾ. ಅಲ್ಲಿ ಮೇರಿ ಕಾಲ್ಡ್‌ವೆಲ್ ಎಂಬ ಪ್ರಾಧ್ಯಾಪಕಿಯ ಕೆಳಗೆ ಸಂಶೋಧನೆ. ಮೇದೋಜೀರಕ ಗ್ರಂಥಿಯ ಅಮೈಲೇಸ್ ಎಂಬ ಕಿಣ್ವ ಮುಸುಕಿನ ಜೋಳದ ಪಿಷ್ಟವನ್ನು ಒಡೆದಾಗ ಏನೇನು ಹುಟ್ಟುತ್ತದೆ ಅನ್ನೋದು ವಿಷಯ. ನಾವು ನುಂಗಿದ ಮುದ್ದೆ ಒಳಗೆ ಹೇಗೆ ಕರಗುತ್ತೆ ಅನ್ನೋ ಮಾತೇ ಇದು. ಹೊಟ್ಟೆಯ ವಿಷಯ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು! 1947ರಲ್ಲಿ ಡಾಕ್ಟರೇಟ್ ಬಂತು. ಅಮೆರಿಕದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಮಹಿಳೆ ಆಕೆ.

ಆಮೇಲೆ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದಳು. ಅಮೆರಿಕದ ಕ್ಯಾನ್ಸರ್ ಸೊಸೈಟಿಯ ಧನಸಹಾಯದಿಂದ ರಾಕ್‌ಫೆಲರ್ ಸಂಸ್ಥೆ ಸೇರಿ ಜೀವಕೋಶದ ನಡುಬೀಜದಲ್ಲಿರುವ ಹಿಸ್ಟೋನ್ ಎಂಬ ಪ್ರೋಟೀನುಗಳ ಅಧ್ಯಯನ ಮಾಡಿದಳು. 1955ರ ನಂತರ ಹೃದಯದ ಕಡೆ ತಿರುಗಿದಳು. ರಕ್ತನಾಳ ಕಟ್ಟಿಕೊಳ್ಳುವುದಕ್ಕೂ ಕೊಲೆಸ್ಟರಾಲಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು ಹುಡುಕಿದಳು. 1986ರಲ್ಲಿ ನಿವೃತ್ತಿ. 2003ರಲ್ಲಿ ತೀರಿಕೊಂಡಳು.

ನಮ್ಮ ಎದೆ ತಟ್ಟಿದ್ದು ಇದಾವುದೂ ಅಲ್ಲ. 1988ರಲ್ಲಿ ಆಕೆ ಕ್ವೀನ್ಸ್ ಕಾಲೇಜಿನಲ್ಲಿ ಭೌತ, ರಸಾಯನ ಓದುವ ಅಲ್ಪಸಂಖ್ಯಾತ ಜನಾಂಗದ ಮಕ್ಕಳಿಗೆ ಅಪ್ಪನ ನೆನಪಿನಲ್ಲಿ ಒಂದು ವಿದ್ಯಾರ್ಥಿವೇತನ ಇಟ್ಟಳು. ದುಡ್ಡಿಲ್ಲ ಅಂತ ಅಪ್ಪ ಓದು ಬಿಟ್ಟಿದ್ದ. ಇನ್ನೊಂದು ಮಗು ಅದೇ ಕಾರಣಕ್ಕೆ ಬಿಡಬಾರದು ಅಂತ.

ಗೆಳೆಯರೇ, ನಾವು ಇಡಲು ನಮ್ಮ ಹತ್ತಿರ ದುಡ್ಡಿಲ್ಲ. ತಿಳಿದದ್ದನ್ನು ಹಂಚಬಹುದು. ಜೆ.ಆರ್.ಎಫ್., ರಾಷ್ಟ್ರೀಯ ಫೆಲೋಷಿಪ್ ಎಂಬ ಹೆಸರುಗಳನ್ನು ನಮ್ಮಲ್ಲಿ ಎಷ್ಟೋ ಜನ ಕೇಳಿದ್ದೇ ಡಿಗ್ರಿ ಮುಗಿದ ಮೇಲೆ. ಅದು ನಿಮಗಾಗಬಾರದು. ಬಿ.ಎಸ್ಸಿ. ಓದೋರು ಸಂಜೆ ಒಂದು ಗಂಟೆ ಕಿರಿಯರ ಜೊತೆ ಕೂತು ಲೆಕ್ಕ ಹೇಳಿಕೊಡಿ. ಸ್ಕಾಲರ್‌ಷಿಪ್ ತಡವಾದರೆ ಒಬ್ಬೊಬ್ಬರೇ ಹೋಗಿ ಕೈಮುಗಿಯಬೇಡಿ, ಎಲ್ಲರೂ ಸೇರಿ ಹೋಗಿ ಕೇಳಿ. ಮುಂದಿನ ಜೂನ್‌ನಲ್ಲಿ ನಿಮ್ಮ ತಮ್ಮನೋ ತಂಗಿಯೋ ಸೈನ್ಸಿಗೆ ಅರ್ಜಿ ಹಿಡಿದು ನಿಂತಾಗ ಕಿಟಕಿಯಾಚೆಯಿಂದ ಆ ಹಳೇ ಮಾತೇ ಬಂದರೆ, ಅರ್ಜಿ ತಿದ್ದಬೇಡಿ ಅಂತ ಹೇಳಿ. ನಮ್ಮನ್ನು ಕರೀರಿ. ನಾವೂ ಬಂದು ಆ ಕಿಟಕಿ ಮುಂದೆ ನಿಲ್ತೀವಿ.