ಲೋಹಕಲೆಯ ಪದವಿ: ಯಾವ ಕಾಲೇಜು, ಎಷ್ಟು ಖರ್ಚು?

ಹೋದ ಬೇಸಗೆಯಲ್ಲಿ ಪಿ.ಯು.ಸಿ. ಫಲಿತಾಂಶ ಬಂದ ಮರುವಾರ ನಮ್ಮ ಬೀದಿಯ ಅಕ್ಕಸಾಲಿಗರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ಪ್ರೌಢಶಾಲೆಯಲ್ಲಿ ನನ್ನ ಶಿಷ್ಯ. ಸಂಧಿಸಮಾಸಗಳಲ್ಲಿ ಅಷ್ಟಕ್ಕಷ್ಟೆ, ಆದರೆ ಅವನ ನೋಟ್ ಪುಸ್ತಕದ ಅಂಚಿನಲ್ಲೆಲ್ಲ ಹೂಬಳ್ಳಿ, ಗಂಡಭೇರುಂಡಗಳು ಇರುತ್ತಿದ್ದವು. ತಂದೆ ಹೊಳೆಯುವ ಕಾಗದದ ಒಂದು ಕೈಪಿಡಿಯನ್ನು ನನ್ನ ಮುಂದಿಟ್ಟು, “ಮೇಷ್ಟ್ರೇ, ಆಭರಣ ವಿನ್ಯಾಸದ ಕೋರ್ಸು ಅಂತ ಹಾಕಿದ್ದಾರೆ. ಸೇರಿಸಬೇಕಾದರೆ ಮನೆ ಮೇಲೆ ಸಾಲ ಎತ್ತಬೇಕು. ಎತ್ತಲೋ ಬೇಡವೋ, ನೀವೇ ಹೇಳಿ” ಎಂದರು.

ಶ್ರೋತೃಗಳೇ, ಕನ್ನಡ ಪಂಡಿತನಿಗೆ ಚಿನ್ನದ ಕೆಲಸದಲ್ಲಿ ಗೊತ್ತಿರುವುದೇನು? ನನಗೆ ಗೊತ್ತಿದ್ದುದು ಆ ಪದದ ವಿಚಾರ ಮಾತ್ರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನ ಬೆಳ್ಳಿಯ ಕೆಲಸ ನಡೆಯುವ ಶಾಲೆಗೆ ‘ಅಕ್ಷಶಾಲೆ’ ಎಂದು ಹೆಸರು. ಅದಕ್ಕೆ ಒಂದೇ ಬಾಗಿಲಿರಬೇಕೆಂದೂ ಅಲ್ಲಿ ವಿಧಿಸಿದೆ. ನಮ್ಮ ‘ಅಕ್ಕಸಾಲೆ’ ಅದರ ತದ್ಭವ. ಅಂದರೆ ಈ ವಿದ್ಯೆಯ ಹೆಸರಿನಲ್ಲಿಯೇ ಶಾಲೆ ಇದೆ, ಆ ಶಾಲೆಯಾದರೋ ಕೆಲಸದ ಮನೆ. ಕಾಲೇಜು ಆರಿಸುವಾಗ ಈ ಅರ್ಥ ನಮಗೆ ಉಪಯೋಗಕ್ಕೆ ಬಂತು.

ಮನೆಯಲ್ಲಿಯೇ ಕುಲುಮೆ ಇರುವವರಿಗೆ ಪದವಿಯ ಹಂಬಲ ಏಕೆ ಎಂದು ಕೇಳಿದೆ. ಅದರ ಹಿಂದೆ ಒಂದು ಹಳೆಯ ಗಾಯವಿತ್ತು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮಗಳು ಜಾರಿಗೆ ಬಂದು, 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಒಡವೆ ಮಾಡಕೂಡದೆಂದಾಯಿತು. ದೇಶದಾದ್ಯಂತ ಅಕ್ಕಸಾಲಿಗರ ಕೈ ಖಾಲಿಯಾಯಿತು. ಹುಡುಗನ ಅಜ್ಜ ಆಗ ಊದುಕೊಳವೆ ಬದಿಗಿಟ್ಟು ಸೈಕಲ್ ಅಂಗಡಿ ಸೇರಿದರಂತೆ. ಚಿನ್ನ ನಿಯಂತ್ರಣದ ಕಾಯಿದೆ ರದ್ದಾದದ್ದು 1990ರಲ್ಲಿ. “ಕೈಕೆಲಸ ಒಂದನ್ನೇ ನಂಬಿದರೆ ಹೀಗೇ ಮೇಷ್ಟ್ರೇ. ಇವನ ಕೈಯಲ್ಲಿ ಒಂದು ಕಾಗದವೂ ಇರಲಿ” ಎಂದರು ತಂದೆ. ಆ ಮಾತಿಗೆ ನಾನು ಎದುರಾಡಲಿಲ್ಲ.

ಆದರೆ ಕಾಗದ ಎಂಥದು? ನಮ್ಮ ದೇಶದಲ್ಲಿ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾನಿಲಯಗಳಿಗೆ ಮತ್ತು ಪಾರ್ಲಿಮೆಂಟಿನ ಶಾಸನದಿಂದ ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಉಂಟು. ಕೈಪಿಡಿಯನ್ನು ಕನ್ನಡಕ ಹಾಕಿಕೊಂಡು ಓದಿದಾಗ, ಅದರಲ್ಲಿದ್ದುದು ಆ ಸಂಸ್ಥೆಯವರೇ ಕೊಡುವ ಡಿಪ್ಲೊಮಾ! ಯಾವ ವಿಶ್ವವಿದ್ಯಾನಿಲಯದ ಹೆಸರೂ ಇರಲಿಲ್ಲ. ಆದರೂ ಮೂವರೂ ಹೋಗಿ ನೋಡಿದೆವು. ಕಂಪ್ಯೂಟರುಗಳ ಸಾಲು ಸೊಗಸಾಗಿತ್ತು. ಕೆಲಸದ ಕೋಣೆ ತೋರಿಸಿ ಎಂದರೆ ಬೀಗದ ಕೈ ಹುಡುಕಲು ಅರ್ಧ ಗಂಟೆ ಹಿಡಿಯಿತು. ಒಳಗಿದ್ದ ಅರಗಳ ಹಲ್ಲು ಹೊಸದಾಗಿಯೇ ಇತ್ತು. ಬೆಸುಗೆಯ ಕಲ್ಲಿನ ಮೇಲೆ ಒಂದು ಸುಟ್ಟ ಕಲೆಯೂ ಇಲ್ಲ. ತಂದೆ ಅದನ್ನು ಬೆರಳಿನಿಂದ ಸವರಿ ನೋಡಿ, ಏನೂ ಹೇಳದೆ ಹೊರಗೆ ಬಂದರು.

ಮುಂದಿನ ಹದಿನೈದು ದಿನ ನಮ್ಮ ಜಗಲಿಯ ಮೇಲೆ ಲೆಕ್ಕಾಚಾರ ನಡೆಯಿತು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಬೆಂಗಳೂರಿನಲ್ಲಿಯೂ ಇದೆ. 2006ರ ಶಾಸನದ ಬಲದಿಂದ ಅದು ಕೊಡುವುದು ನಿಜವಾದ ಪದವಿ. ಆದರೆ ಕೇಂದ್ರ ಸರಕಾರದ್ದು ಎಂದಮಾತ್ರಕ್ಕೆ ಅಗ್ಗವೆಂದು ಭಾವಿಸಬಾರದು. ನಾಲ್ಕು ವರ್ಷಕ್ಕೆ ಹಲವು ಲಕ್ಷ ರೂಪಾಯಿ ಬೇಕು. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ 1857ರದು, ಲೋಹದ ಕೆಲಸವನ್ನು ಬಹುಕಾಲದಿಂದ ಕಲಿಸುತ್ತ ಬಂದ ಹಿರಿಯ ಸಂಸ್ಥೆ. 2023ರಲ್ಲಿ ಅದು ಪರಿಗಣಿತ ವಿಶ್ವವಿದ್ಯಾನಿಲಯವಾಗಿರುವುದರಿಂದ ಹಳೆಯ ವಿದ್ಯಾರ್ಥಿಗಳು ಹೇಳುವ ಶುಲ್ಕವನ್ನು ನಂಬದೆ ಆಯಾ ವರ್ಷದ್ದನ್ನೇ ಕೇಳಬೇಕು. ಹೊರರಾಜ್ಯದವರಿಗೆ ಸ್ಥಾನಗಳೆಷ್ಟು ಎಂಬುದನ್ನೂ ಕೇಳಬೇಕು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಸರಕಾರದ್ದು, ನಮಗೆ ಹತ್ತಿರದ್ದು. ಅಲ್ಲಿ ಆಭರಣಕ್ಕೆಂದೇ ಪದವಿಯಿಲ್ಲ, ಶಿಲ್ಪಕಲೆಯ ಪದವಿ ಉಂಟು.

ಶುಲ್ಕದ ಅಂಕಿಯೊಂದನ್ನೇ ನೋಡಿ ಮೋಸಹೋಗುವವರು ಬಹಳ ಮಂದಿ. ಊಟ ವಸತಿ ಇರಲಿ. ಲೋಹ ಯಾರದು ಎಂದು ಕೇಳಬೇಕು. ತಾಮ್ರ, ಹಿತ್ತಾಳೆಯ ಮೇಲೆ ಕೈ ಪಳಗಿಸಿ ಆಮೇಲೆ ಬೆಳ್ಳಿ ಮುಟ್ಟಿಸುವ ಕಡೆ ಖರ್ಚು ಹಗುರ. ಮೊದಲ ವರ್ಷದಿಂದಲೇ ಬೆಳ್ಳಿಯನ್ನು ವಿದ್ಯಾರ್ಥಿಯೇ ತರಬೇಕೆಂದರೆ ಆ ಲೆಕ್ಕ ಬೇರೆಯೇ ಆಗುತ್ತದೆ.

ಪದವಿ ಎಲ್ಲರಿಗೂ ಬೇಕೇ ಬೇಕೆಂದು ನಾನು ಹೇಳುವುದಿಲ್ಲ. ಕಾರ್ಕಳದ ಬಳಿ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಿದೆ. ಕಲ್ಲು, ಮರ, ಲೋಹಗಳ ಶಿಲ್ಪವನ್ನು ಶುಲ್ಕವಿಲ್ಲದೆ ಕಲಿಸುತ್ತಾರೆ. ಇನ್ನು ಬೀದರಿನ ಬಿದ್ರಿ ಕೆಲಸವನ್ನು ನೋಡಿ. ಹೆಚ್ಚು ಸತು, ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಅರದಿಂದ ನಯಗೊಳಿಸಿ, ಮೈಲುತುತ್ತದಿಂದ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿ ಚಿತ್ರ ಬರೆಯುತ್ತಾರೆ. ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿ ತಿಕ್ಕಿದರೆ ಲೋಹ ಕಾಡಿಗೆಗಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಸರಿಯೆಂಬುದನ್ನು ಕೆಲಸಗಾರರು ನಾಲಗೆಯ ಮೇಲಿಟ್ಟು ತಿಳಿಯುತ್ತಾರೆ. ಅದಕ್ಕೆ ಯಾವ ಪಠ್ಯಪುಸ್ತಕ? ಈ ಕೆಲಸಕ್ಕಾಗಿ 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರು ಇದನ್ನು ಕಲಿತದ್ದು ತಮ್ಮ ತಂದೆಯಿಂದ.

ನಾನು ಇದನ್ನು ಹೇಳಿದಾಗ ಹುಡುಗ ಮೊದಲ ಸಲ ಬಾಯಿ ತೆರೆದ. “ಹಾಗಾದರೆ ಸಾರ್, ಬೆಸುಗೆ ಅಪ್ಪನ ಹತ್ತಿರ ಕಲೀತೀನಿ. ಅಪ್ಪನಿಗೆ ಬಾರದ್ದನ್ನ ಕಾಲೇಜಲ್ಲಿ ಕಲೀತೀನಿ.” ಅಪ್ಪನಿಗೆ ಬಾರದ್ದು ಏನಪ್ಪ ಎಂದೆ. “ಮನುಷ್ಯರ ಕೈ ಬರೆಯೋಕೆ ಬರಲ್ಲ. ದೊಡ್ಡ ಎರಕ ಬರಲ್ಲ” ಎಂದ. ತಂದೆ ನಕ್ಕು, “ನಿಜವೇ ಮೇಷ್ಟ್ರೇ” ಎಂದರು.

ಮೈಸೂರಿಗೆ ಅರ್ಜಿ ಹಾಕಿದೆವು, ಸ್ಥಾನ ಸಿಕ್ಕಿತು. ಮನೆಯ ಪತ್ರ ಪೆಟ್ಟಿಗೆಯಲ್ಲಿಯೇ ಉಳಿಯಿತು. ದಸರೆಯ ರಜೆಗೆ ಬಂದವನು ಎರಡನೆಯ ದಿನವೇ ಅಂಗಡಿಯಲ್ಲಿ ತಂದೆಯ ಎದುರು ಕುಳಿತು ಊದುಕೊಳವೆ ಹಿಡಿದಿದ್ದ. ನಾನು ಹೋದದ್ದು ಅವನಿಗೆ ತಿಳಿಯಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಉರಿಯನ್ನೇ ನೋಡುತ್ತಿದ್ದ.