ಗಂಡು ನೊಣದ ಮೋಹ

ಬಿಹಾರದ ಪೂಸಾ ಎಂಬ ಊರಿನಲ್ಲಿ ಬ್ರಿಟಿಷ್ ಸರ್ಕಾರ 1905ರಲ್ಲಿ ಕೃಷಿ ಸಂಶೋಧನಾ ಸಂಸ್ಥೆಯೊಂದನ್ನು ತೆರೆಯಿತು. ಫ್ರಾಂಕ್ ಮಿಲ್ಬರ್ನ್ ಹೌಲೆಟ್ ಅಲ್ಲಿನ ಕೀಟಶಾಸ್ತ್ರಜ್ಞ. ಸೊಳ್ಳೆ ಕಾಟಕ್ಕೆ ಬೇಸತ್ತ ಅವರ ನೆರೆಯವರೊಬ್ಬರು ಸಿಟ್ರೊನೆಲ್ಲ ಎಣ್ಣೆಯ ಮೊರೆಹೋದರು. ಸೊಳ್ಳೆಯ ಕಥೆ ಏನಾಯಿತೋ, ನೊಣಗಳಂತೂ ಹಿಂಡುಹಿಂಡಾಗಿ ಬಂದು ಮುತ್ತಿಕೊಂಡವು. ಅವು ಮನೆಯ ನೊಣಗಳಲ್ಲ. ಮಾವು, ಸೀಬೆ, ಪೀಚ್ ಹಣ್ಣುಗಳನ್ನು ಕೆಡಿಸುವ ಹಣ್ಣು ನೊಣಗಳು. ಬಂದವೆಲ್ಲ ಗಂಡೇ!

ಹೌಲೆಟ್ ಈ ಸಂಗತಿಯನ್ನು 1912ರಲ್ಲಿ ಬರೆದು ಪ್ರಕಟಿಸಿದರು. ಆಮೇಲೆ ಎಣ್ಣೆಯೊಳಗಿನ ಒಂದೊಂದೇ ರಾಸಾಯನಿಕವನ್ನು ನೊಣಗಳ ಮುಂದಿಟ್ಟು ನೋಡಿದರು. ಮೋಹದ ಮೂಲ ಮೀಥೈಲ್ ಯೂಜೆನಾಲ್ ಎಂಬ ವಸ್ತು ಎಂದು 1915ರ ಹೊತ್ತಿಗೆ ಗೊತ್ತಾಯಿತು. ನಮ್ಮ ಅಂಗಳದ ತುಳಸಿಯ ಘಮದಲ್ಲೂ ಅದರ ಪಾಲಿದೆ.

ವಾಸನೆಗೆ ಕೀಟಗಳು ಹೀಗೆ ಒಲಿದು ಬರುವುದನ್ನು ಅದಕ್ಕೂ ಮುಂಚೆಯೇ ಕಂಡವರಿದ್ದರು. ಫ್ರಾನ್ಸಿನ ಜಾನ್ ಆನ್ರಿ ಫಾಬ್ರ್ ತಮ್ಮ ಮನೆಯಲ್ಲಿ ಗೂಡೊಡೆದು ಬಂದ ದೊಡ್ಡ ಹೆಣ್ಣು ಪತಂಗವೊಂದನ್ನು ಜಾಲರಿಯೊಳಗೆ ಇಟ್ಟಿದ್ದರು. ರಾತ್ರಿಯಾಗುತ್ತಲೇ ಸುಮಾರು ನಲವತ್ತು ಗಂಡು ಪತಂಗಗಳು ಮನೆಗೆ ನುಗ್ಗಿದವು. ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿ ಹೆಣ್ಣನ್ನು ಇಟ್ಟರೆ ಯಾವುದೂ ಹತ್ತಿರ ಸುಳಿಯುತ್ತಿರಲಿಲ್ಲ.

ಇಂಥ ವಾಸನೆಯ ರಾಸಾಯನಿಕ ರೂಪವನ್ನು ತಿಳಿಯುವ ಕೆಲಸ ಮಾತ್ರ ಬಲು ದೀರ್ಘವಾಯಿತು. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಅದಕ್ಕಾಗಿ ಸುಮಾರು ಎರಡು ದಶಕ ದುಡಿದರು. ಅವರು ಆರಿಸಿಕೊಂಡದ್ದು ರೇಷ್ಮೆ ಪತಂಗವನ್ನು. ಐದು ಲಕ್ಷದಷ್ಟು ಹೆಣ್ಣು ಪತಂಗಗಳಿಂದ ಕೊನೆಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. 1959ರಲ್ಲಿ ಅವರು ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಒಂದೇ ಜಾತಿಯ ಜೀವಿಗಳ ನಡುವೆ ಸುದ್ದಿ ಒಯ್ಯುವ ಇಂಥ ವಸ್ತುಗಳಿಗೆ ಫೆರೊಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ. ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕಣೆದಾರರಿಗೆ ಇದರ ಪರಿಣಾಮ ಹೊಸದೇನಲ್ಲ. ಹೆಣ್ಣಿನ ಸುಳಿವು ಸಿಕ್ಕೊಡನೆ ಗಂಡು ಪತಂಗ ರೆಕ್ಕೆ ಪಟಪಟಿಸಿ ಸುತ್ತತೊಡಗುತ್ತದೆ.

ಹಣ್ಣು ನೊಣದ ವಿಚಾರ ಇದಕ್ಕಿಂತ ಸ್ವಾರಸ್ಯ. ಬಾಂಬಿಕಾಲನ್ನು ಪತಂಗ ತಾನೇ ತಯಾರಿಸುತ್ತದೆ. ಮೀಥೈಲ್ ಯೂಜೆನಾಲ್ ಗಿಡದ ಸೊತ್ತು. ಹಾಗಿದ್ದ ಮೇಲೆ ನೊಣಕ್ಕೆ ಅದರ ಮೇಲೇಕೆ ಅಷ್ಟು ಆಸೆ? ಜಪಾನಿನ ರಿತ್ಸುವೊ ನಿಶಿದಾ ಮತ್ತು ಮಲೇಷ್ಯಾದ ಕೆಂಗ್ ಹಾಂಗ್ ಟಾನ್ ಅವರ ಸಂಶೋಧನೆ ಉತ್ತರ ಕೊಟ್ಟಿತು. ಗಂಡು ಅದನ್ನು ತಿಂದು, ಮೈಯೊಳಗೆ ಮಾರ್ಪಡಿಸಿ, ಗುದದ್ವಾರದ ಬಳಿಯ ಗ್ರಂಥಿಯಲ್ಲಿ ಕೂಡಿಡುತ್ತದೆ. ಮುಸ್ಸಂಜೆಯ ಹೊತ್ತಿಗೆ ಅದನ್ನೇ ಹೊರಸೂಸಿ ಹೆಣ್ಣನ್ನು ಕರೆಯುತ್ತದೆ. ತಿಂದ ಗಂಡಿಗೆ ಹೆಣ್ಣು ಬೇಗ ಒಲಿಯುತ್ತದೆ. ಗಿಡಕ್ಕೂ ಲಾಭವುಂಟು: ಆಗ್ನೇಯ ಏಷ್ಯಾದ ಕೆಲವು ಆರ್ಕಿಡ್‌ಗಳು ಇದೇ ಘಮವನ್ನು ಬೀರಿ, ನೊಣದಿಂದ ಪರಾಗಸ್ಪರ್ಶ ಮಾಡಿಸಿಕೊಳ್ಳುತ್ತವೆ.

ಈ ದೌರ್ಬಲ್ಯವನ್ನೇ ಮನುಷ್ಯ ಬಳಸಿಕೊಂಡ. ಹವಾಯಿಯಲ್ಲಿ ದುಡಿಯುತ್ತಿದ್ದ ಕೀಟಶಾಸ್ತ್ರಜ್ಞ ಸ್ಟೈನರ್ 1950ರ ದಶಕದಲ್ಲಿ ಹೌಲೆಟ್ ಬಿಟ್ಟಲ್ಲಿಂದ ಮುಂದುವರಿದರು. ಆಮೇಲಿನ ದಶಕದಲ್ಲಿ ಪೆಸಿಫಿಕ್ ಸಾಗರದ ರೋಟಾ ದ್ವೀಪದ ಮೇಲೆ, ಮೀಥೈಲ್ ಯೂಜೆನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ಹಲಗೆಯ ಚೂರುಗಳನ್ನು ವಿಮಾನದಿಂದ ಉದುರಿಸಲಾಯಿತು. ಗಂಡುಗಳು ತಿಂದು ಸತ್ತವು, ಹೆಣ್ಣುಗಳಿಗೆ ಜೊತೆ ಸಿಗಲಿಲ್ಲ. ದ್ವೀಪದಲ್ಲಿ ಆ ನೊಣದ ಸಂತತಿಯೇ ಅಳಿಯಿತು.

ನಮ್ಮ ತೋಟಗಳಿಗೆ ಬಂದದ್ದೂ ಇದೇ ಉಪಾಯ. ಹೆಣ್ಣು ನೊಣ ಬಲಿತ ಮಾವಿನ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳು ತಿರುಳಿನಲ್ಲಿ ಬೆಳೆಯುವುದರಿಂದ ಮೇಲೆ ಹೊಡೆದ ಔಷಧ ಅದನ್ನು ಸುಲಭವಾಗಿ ಮುಟ್ಟದು. ಹೀಗಾಗಿ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮೋಹಕ ಬಲೆಗಳನ್ನು ಪ್ರಚಾರಕ್ಕೆ ತಂದಿತು. ರಾಸಾಯನಿಕದಲ್ಲಿ ನೆನೆಸಿದ ಪ್ಲೈವುಡ್ ತುಂಡು, ತೂತು ಕೊರೆದ ಪ್ಲಾಸ್ಟಿಕ್ ಬಾಟಲಿ, ತೂಗಿಹಾಕಲು ಒಂದು ತಂತಿ, ಇಷ್ಟೇ ಸರಂಜಾಮು. ಹಾಗಲ, ಹೀರೆ, ಸೋರೆಯನ್ನು ಕೆಡಿಸುವ ನೊಣ ಮಾತ್ರ ಈ ಘಮಕ್ಕೆ ಬಗ್ಗುವುದಿಲ್ಲ. ಅದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ಆಮಿಷ ಬೇಕು. ಅಂಗಡಿಯಲ್ಲಿ ಬೆಳೆಯ ಹೆಸರು ಹೇಳಿ ಕೊಳ್ಳದಿದ್ದರೆ ದುಡ್ಡು ದಂಡ.

ಹುಳು ಬಿದ್ದ ಹಣ್ಣಿನಿಂದಾಗುವ ನಷ್ಟ ರೈತನ ತೋಟಕ್ಕಷ್ಟೇ ಸೀಮಿತವಲ್ಲ. ಯುರೋಪಿಯನ್ ಒಕ್ಕೂಟ 2014ರ ಮೇ ತಿಂಗಳಲ್ಲಿ ಭಾರತದ ಮಾವಿಗೆ ಬಾಗಿಲು ಮುಚ್ಚಿದ್ದಕ್ಕೆ ಹಣ್ಣು ನೊಣವೇ ಮುಖ್ಯ ಕಾರಣ. ನಿಷೇಧ ತೆರವಾದದ್ದು ಮರುವರ್ಷ.

ಮೋಹಕ ಬಲೆ ಹಾಕಿದವರೆಲ್ಲರಿಗೂ ಒಂದೇ ಫಲ ಸಿಕ್ಕಿಲ್ಲ ಎಂಬುದೂ ನಿಜ. ಉಳಿದ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಗರ್ಭ ಧರಿಸಿದ ಹೆಣ್ಣು ಪಕ್ಕದ ತೋಟದಿಂದಲೂ ಹಾರಿಬರುತ್ತದೆ. ಶ್ರೀನಿವಾಸಪುರವಾಗಲಿ, ಧಾರವಾಡವಾಗಲಿ, ಮಾವು ಬೆಳೆಯುವ ಊರಿನವರು ಕಾಯಿ ಬಲಿಯುವ ಮುನ್ನವೇ ಸೇರಿ ಮಾತಾಡಿಕೊಳ್ಳಲಿ. ಬಲೆಗಳನ್ನು ಎಲ್ಲ ತೋಟಗಳಲ್ಲೂ ಒಟ್ಟಿಗೇ ಕಟ್ಟಲಿ, ಉದುರಿದ ಕೊಳೆತ ಹಣ್ಣನ್ನು ಆಯ್ದು ಆಳವಾಗಿ ಹೂಳಲಿ.